ಮದ್ದಿಗೆ ಬಗ್ಗದ ಬೂಜು ರೋಗ: ದ್ರಾಕ್ಷಿ ತೋಟಗಳ ರಕ್ಷಣೆಯಲ್ಲಿ ಊರಿನವರ ಕರ್ತವ್ಯ

(ದ್ರಾಕ್ಷಿ ಬೆಳೆಗಾರರು ಮತ್ತು ಗ್ರಾಮ ಮುಖಂಡರ ಸಭೆಯಲ್ಲಿ ವ್ಯವಸಾಯ ಇನ್ಸ್‌ಪೆಕ್ಟರರು ಮಾಡಿದ ಉಪನ್ಯಾಸ)



ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಕೋಲಾರ ಈ ಸೀಮೆಗಳಲ್ಲಿ ದ್ರಾಕ್ಷಿಯ ಬೆಳೆಯು ಎಷ್ಟು ಮುಖ್ಯವಾದುದೆಂಬುದನ್ನು ತಮಗೆ ನಾನು ಹೇಳಬೇಕಾದುದಿಲ್ಲ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ೨೦೧೩ರಲ್ಲಿ ಭೌಗೋಳಿಕ ಗುರುತು ದೊರೆತು, ಅದು ಈ ನೆಲದ ಸೊತ್ತೆಂದು ದಾಖಲೆಯಾಗಿರುವುದು. ಆದರೆ ಇದು ದುಡ್ಡು ಬೇಡುವ ಬೆಳೆ. ಕಲ್ಲುಕಂಬ, ತಂತಿ, ಕೊಳವೆ ಬಾವಿ, ಗೊಬ್ಬರ, ಆಳು, ಇವುಗಳಿಗೆಲ್ಲಾ ಮೊದಲೇ ಹಣ ಸುರಿದು, ಫಲಕ್ಕಾಗಿ ಕಾದು ಕುಳಿತಿರಬೇಕು. ಹೀಗಿರುವಾಗ ಹೂಗೊಂಚಲು ಹೊರಡುವ ಕಾಲದಲ್ಲಿ ಒಂದು ವಾರ ಮೋಡ ಕವಿದು ಜಡಿಮಳೆ ಹಿಡಿದರೆ, ಬೂಜುತುಪ್ಪಟ ರೋಗವು ಬಂದು ಸಾಲ ಮಾತ್ರ ಉಳಿದು ಬೆಳೆ ಹೋಗುವುದುಂಟು.

ಈಚೆಗೆ ಅನೇಕ ಬೆಳೆಗಾರರು ನಮ್ಮಲ್ಲಿಗೆ ಬಂದು ಒಂದೇ ಬಗೆಯ ದೂರನ್ನು ಹೇಳುತ್ತಿರುವರು. "ಹಿಂದೆ ಒಂದು ಸಲ ಹೊಡೆದರೆ ನಿಲ್ಲುತ್ತಿದ್ದ ರೋಗ ಈಗ ಮೂರು ಸಲ ಹೊಡೆದರೂ ನಿಲ್ಲದು, ಮದ್ದಿನ ಬೆಲೆ ಮಾತ್ರ ಏರುತ್ತಿದೆ" ಎಂಬುದೇ ಆ ದೂರು. ಇದಕ್ಕೆ ಕಾರಣವೇನು, ಪರಿಹಾರವೇನು, ಆ ಪರಿಹಾರವು ಒಬ್ಬೊಬ್ಬ ರೈತನಿಂದ ಏಕೆ ಸಾಧ್ಯವಿಲ್ಲ, ಊರಿನ ಯಜಮಾನರು ಏಕೆ ಕೈಹಾಕಬೇಕು ಎಂಬ ನಾಲ್ಕು ಸಂಗತಿಗಳನ್ನು ಈ ದಿನ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

೧. ರೋಗದ ಸ್ವಭಾವ

ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನ ಗುರುತು ಇರಬೇಕು. ದ್ರಾಕ್ಷಿಗೆ ಬರುವ ರೋಗಗಳಲ್ಲಿ ಎರಡನ್ನು ರೈತರು ಮೇಲಿಂದ ಮೇಲೆ ಒಂದಕ್ಕೊಂದು ಬೆರೆಸಿಬಿಡುವರು. ಬೂದಿ ರೋಗದಲ್ಲಿ ಎಲೆಯ ಮೇಲುಭಾಗದಲ್ಲಿಯೂ ಕಾಯಿಯ ಮೇಲೆಯೂ ಬೂದಿ ಎರಚಿದಂತೆ ಕಾಣುವುದು. ಬೆರಳಿನಿಂದ ಒರಸಿದರೆ ಅದು ಕೈಗೆ ಹತ್ತುವುದು. ಬೂಜುತುಪ್ಪಟ ರೋಗದಲ್ಲಿ ಎಲೆಯ ಮೇಲೆ ಮೊದಲು ಎಣ್ಣೆ ತೊಟ್ಟಿಕ್ಕಿದಂತಹ ಹಳದಿ ಮಚ್ಚೆ ಕಾಣುವುದು. ಅದೇ ಎಲೆಯನ್ನು ತಿರುವಿ ನೋಡಿದರೆ ಮಚ್ಚೆಯ ಕೆಳಗಡೆ ಬಿಳಿಯ ತುಪ್ಪಟವು ಇರುವುದು. ಹೂಗೊಂಚಲಿಗೆ ತಗುಲಿದರೆ ಗೊಂಚಲು ಕಂದಿ ಒಣಗುವುದು.

ಈ ಭೇದವು ಕೇವಲ ಹೆಸರಿನದಲ್ಲ. ಬೂದಿ ರೋಗವನ್ನು ತರುವುದು ನಿಜವಾದ ಶಿಲೀಂಧ್ರ. ಬೂಜುತುಪ್ಪಟವನ್ನು ತರುವ ಜೀವಿಯಾದರೋ, ಅಡಿಕೆಯ ಕೊಳೆರೋಗವನ್ನೂ ಆಲೂಗಡ್ಡೆಯ ಅಂಗಮಾರಿಯನ್ನೂ ತರುವ ಜೀವಿಗಳ ಗುಂಪಿಗೆ ಸೇರಿದುದು. ಇವನ್ನು ನೀರುಬೂಜುಗಳೆಂದು ಕರೆಯಬಹುದು. ಒಂದಕ್ಕೆ ನಾಟುವ ಮದ್ದು ಮತ್ತೊಂದಕ್ಕೆ ನಾಟದೆ ಹೋಗುವುದುಂಟು. ಹೆಕ್ಸಾಕೊನಜೋಲ್ ಎಂಬುದು ಬೂದಿ ರೋಗದ ಮದ್ದು. ಬೂಜುತುಪ್ಪಟಕ್ಕೆ ಅದರಿಂದ ಪ್ರಯೋಜನವಿಲ್ಲ. ಮೆಟಲಾಕ್ಸಿಲ್ ಎಂಬುದು ಬೂಜುತುಪ್ಪಟದ ಮದ್ದು; ಬೂದಿ ರೋಗವು ಅದನ್ನು ಲೆಕ್ಕಿಸದು. "ಮದ್ದು ನಾಟಲಿಲ್ಲ" ಎಂಬ ದೂರುಗಳಲ್ಲಿ ಕೆಲವು ಈ ತಪ್ಪು ಗುರುತಿನಿಂದಲೇ ಹುಟ್ಟಿದವು.

ಬೂಜುತುಪ್ಪಟಕ್ಕೆ ನೀರೇ ದಾರಿ. ರಾತ್ರಿಯ ತಂಪಿನಲ್ಲಿ, ಗಾಳಿಯು ತೇವದಿಂದ ತುಂಬಿದಾಗ, ಎಲೆಯ ತಳದ ತುಪ್ಪಟದಲ್ಲಿ ಬೀಜಾಣುಗಳ ಚೀಲಗಳು ಸಿದ್ಧವಾಗುವುವು. ಅವು ಗಾಳಿಯಲ್ಲಿ ತೇಲಿ ಪಕ್ಕದ ಚಪ್ಪರವನ್ನು ಸೇರುವುವು. ಅಲ್ಲಿ ಎಲೆಯ ಮೇಲೆ ಮಳೆಯ ಅಥವಾ ಇಬ್ಬನಿಯ ನೀರಿದ್ದರೆ ಚೀಲವು ಒಡೆದು, ಒಳಗಿನ ಬೀಜಾಣುಗಳು ಆ ನೀರಿನಲ್ಲಿ ಈಜುತ್ತಾ ಹೋಗಿ, ಎಲೆಯು ಉಸಿರಾಡುವ ರಂಧ್ರಗಳಿಂದ ಒಳನುಗ್ಗುವುವು. ಎಲೆ ಒಣಗಿದ್ದರೆ ಅವುಗಳಿಗೆ ಈಜಲು ನೀರಿಲ್ಲ, ಆದುದರಿಂದ ರೋಗವೂ ಇಲ್ಲ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವ ಉಪಾಯಗಳೆಲ್ಲಾ ತಾವಾಗಿಯೇ ತಿಳಿಯುವುವು.

೨. ಹಳೆಯ ಮದ್ದು ಮತ್ತು ಹೊಸ ಮದ್ದು

ಈ ರೋಗವು ಅಮೆರಿಕದಿಂದ ಫ್ರಾನ್ಸ್ ದೇಶವನ್ನು ಹೊಕ್ಕದ್ದು ೧೮೭೮ರ ಸುಮಾರಿಗೆ. ಅಲ್ಲಿನ ತೋಟಗಳು ಒಂದಾದಮೇಲೊಂದು ಹಾಳಾಗುತ್ತಿದ್ದ ಕಾಲದಲ್ಲಿ ಬೋರ್ಡೋ ನಗರದ ಪ್ರೊಫೆಸರ್ ಮಿಲಾರ್ಡೆ ಎಂಬುವರು ೧೮೮೨ರಲ್ಲಿ ಒಂದು ವಿಚಿತ್ರವನ್ನು ಕಂಡರು. ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿಯ ಅಂಚಿನ ಬಳ್ಳಿಗಳಿಗೆ ರೈತರು ಮೈಲುತುತ್ತು ಸುಣ್ಣಗಳನ್ನು ಕಲಸಿ ಎರಚಿದ್ದರು. ಆ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿದ್ದಿತು. ಅವರು ಪರೀಕ್ಷೆಗಳನ್ನು ಮಾಡಿ ೧೮೮೫ರಲ್ಲಿ ಬೋರ್ಡೋ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅದನ್ನೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಉಪಯೋಗಿಸುವುದನ್ನು ಕಲಿಸಿಕೊಟ್ಟರು. ಅದುವರೆಗೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಅಲ್ಲಿನ ರೈತರಿಗೆ ಗೊತ್ತಿದ್ದ ಉಪಾಯ. ಅಂದಿನಿಂದ ನೂರು ವರ್ಷಗಳು ಮೀರಿದರೂ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅದೇ ದ್ರಾವಣವನ್ನು ಹೊಡೆಯುತ್ತಿರುವರು, ಅದು ಈಗಲೂ ಕೆಲಸ ಮಾಡುತ್ತಿರುವುದು.

ಇದಕ್ಕೆ ಎದುರಾಗಿ ಹೊಸ ಮದ್ದುಗಳ ಕಥೆಯನ್ನು ಕೇಳಿರಿ. ೧೯೭೦ರ ದಶಕದ ಕೊನೆಯಲ್ಲಿ ಮೆಟಲಾಕ್ಸಿಲ್ ಎಂಬ ಮದ್ದು ಬಂದಿತು. ಅದು ಗಿಡದ ಒಳಗೆ ಇಳಿದು ಹಬ್ಬುವ ಮದ್ದು. ರೋಗ ಹೊಕ್ಕ ಮೇಲೂ ಅದನ್ನು ತಡೆಯಬಲ್ಲದು. ಜನರು ಇದನ್ನು ಸಂಜೀವಿನಿಯೆಂದೇ ಭಾವಿಸಿದರು. ೧೯೮೦ರಲ್ಲಿ ಐರ್ಲೆಂಡ್ ಮತ್ತು ಹಾಲೆಂಡ್ ದೇಶಗಳ ಆಲೂಗಡ್ಡೆ ಹೊಲಗಳಲ್ಲಿ ಅಂಗಮಾರಿಯು ಅದಕ್ಕೆ ಬಗ್ಗದೆ ಬೆಳೆಯಿತು. ಅದರ ಬೆನ್ನಲ್ಲಿಯೇ ಯೂರೋಪಿನ ದ್ರಾಕ್ಷಿಯಲ್ಲಿಯೂ ಹಾಗೆಯೇ ಆಯಿತು. ಮತ್ತೆ ೧೯೯೬ರಲ್ಲಿ ಸ್ಟ್ರೋಬಿನ್ ಎಂಬ ಮನೆತನದ ಮದ್ದುಗಳು ಬಂದುವು. ಪೈನ್ ಮರದ ಉದುರಿದ ಕಾಯಿಯ ಮೇಲೆ ಬೆಳೆಯುವ ಒಂದು ಸಣ್ಣ ಅಣಬೆಯಲ್ಲಿ ದೊರೆತ ವಸ್ತುವೇ ಇವುಗಳಿಗೆ ಮಾದರಿ. ಎರಡು ವರ್ಷ ಕಳೆಯುವುದರೊಳಗೆ, ೧೯೯೮ರಲ್ಲಿ, ಜರ್ಮನಿಯ ಗೋಧಿಯ ಬೂದಿ ರೋಗವು ಅವನ್ನು ಮೀರಿತು. ಅನಂತರ ಫ್ರಾನ್ಸ್ ಮತ್ತು ಇಟಲಿ ದೇಶಗಳ ದ್ರಾಕ್ಷಿಯ ಬೂಜುತುಪ್ಪಟವೂ ಮೀರಿತು. ನಮ್ಮ ದೇಶದಲ್ಲಿಯೂ ಮಹಾರಾಷ್ಟ್ರದ ದ್ರಾಕ್ಷಿ ತೋಟಗಳ ಬೂಜುತುಪ್ಪಟದಲ್ಲಿ ಈ ಮನೆತನಕ್ಕೆ ಬಗ್ಗದ ತಳಿಗಳು ಕಂಡುಬಂದಿರುವುವು. ನೆರೆಯ ಸೀಮೆಗೆ ಬಂದದ್ದು ನಮಗೆ ಬಾರದೆಂದು ಯಾರೂ ಧೈರ್ಯವಾಗಿ ಹೇಳಲಾರರು.

ಹಳೆಯದು ನಿಂತಿತು, ಹೊಸದು ಸೋತಿತು. ಇದು ಏತಕ್ಕೆಂದರೆ, ತಾಮ್ರ, ಗಂಧಕ, ಮ್ಯಾಂಕೊಜೆಬ್ ಮುಂತಾದ ಮದ್ದುಗಳು ರೋಗಾಣುವಿನ ದೇಹವನ್ನು ಅನೇಕ ಕಡೆಗಳಲ್ಲಿ ಒಮ್ಮೆಗೇ ಹೊಡೆಯುವುವು. ಹೊಸ ಮದ್ದುಗಳಾದರೋ ಒಂದೇ ಮರ್ಮಸ್ಥಾನವನ್ನು ಹುಡುಕಿ ಹೊಡೆಯುವುವು. ಇವುಗಳ ಬಲವೂ ಅದೇ, ದೌರ್ಬಲ್ಯವೂ ಅದೇ. ಹತ್ತು ಬಾಗಿಲುಗಳಿಗೆ ಹಾಕಿದ ಹತ್ತು ಬೀಗಗಳನ್ನು ಒಮ್ಮೆಗೇ ತೆಗೆಯುವುದು ಕಳ್ಳನಿಗೆ ಕಷ್ಟ. ಒಂದೇ ಬೀಗವಾದರೆ ಒಂದು ಕೀಲಿಕೈ ಸಾಕು. ಸ್ಟ್ರೋಬಿನ್ ಮನೆತನದ ವಿಷಯದಲ್ಲಿ ರೋಗಾಣುವಿನ ಉಸಿರಾಟಕ್ಕೆ ಬೇಕಾದ ಒಂದು ಪ್ರೋಟೀನಿನ ೧೪೩ನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬುದು ಹೋಗಿ ಅಲನಿನ್ ಎಂಬುದು ಬಂದರೆ ಸಾಕು, ಮದ್ದು ಅಲ್ಲಿಗೆ ಹತ್ತುವುದೇ ಇಲ್ಲ.

೩. ಮದ್ದು ಸೋಲುವುದು ಹೇಗೆ?

"ರೋಗವು ಮದ್ದಿಗೆ ಒಗ್ಗಿಹೋಯಿತು" ಎಂದು ಜನರು ಹೇಳುವರು. ಈ ಮಾತು ಸರಿಯಲ್ಲ. ಕುಡುಕನಿಗೆ ಹೆಂಡ ಒಗ್ಗಿದಂತೆ ಯಾವ ರೋಗಾಣುವಿಗೂ ಮದ್ದು ಒಗ್ಗುವುದಿಲ್ಲ. ತಾವು ರಾಗಿಯ ಹೊಲದಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆ ಇಡುವಿರಷ್ಟೆ. ವರ್ಷ ವರ್ಷವೂ ಹೀಗೆ ಮಾಡಿದರೆ ಹೊಲವೆಲ್ಲಾ ಆ ತಳಿಯೇ ಆಗುವುದು. ಒಂದೇ ಮದ್ದನ್ನು ಮೇಲಿಂದ ಮೇಲೆ ಹೊಡೆಯುವವನು ತನಗೆ ತಿಳಿಯದಂತೆಯೇ ರೋಗಾಣುವಿನ ಬೀಜವನ್ನು ಆರಿಸುತ್ತಿರುವನು. ಮದ್ದಿಗೆ ಸಾಯತಕ್ಕವು ಸಾಯುವುವು. ಹುಟ್ಟಿನಿಂದಲೇ ಅದಕ್ಕೆ ಬಗ್ಗದಿರುವ ಒಂದೆರಡು ಉಳಿದು, ಮುಂದಿನ ಸಂತಾನಕ್ಕೆ ಅವೇ ಬೀಜವಾಗುವುವು.

ಇದನ್ನು ಒಂದು ಲೆಕ್ಕದಿಂದ ತೋರಿಸುವೆನು. ಒಂದು ತೋಟದಲ್ಲಿ ಹತ್ತು ಲಕ್ಷ ಬೀಜಾಣುಗಳಿವೆಯೆಂದೂ, ಅವುಗಳಲ್ಲಿ ಒಂದು ಮಾತ್ರ ಬಗ್ಗದ ಜಾತಿಯದೆಂದೂ ಇಟ್ಟುಕೊಳ್ಳಿರಿ. ಮದ್ದು ನೂರಕ್ಕೆ ತೊಂಬತ್ತೈದು ಬೀಜಾಣುಗಳನ್ನು ಕೊಲ್ಲುವುದು. ಬಗ್ಗದ್ದನ್ನು ಮಾತ್ರ ಕೊಲ್ಲಲಾರದು. ಪ್ರತಿ ಸಲ ಹೊಡೆದ ಮೇಲೂ ಉಳಿದವು ಹೆಚ್ಚಿ ಮತ್ತೆ ಹತ್ತು ಲಕ್ಷವಾಗುವುವು. ಹಾಗಾದರೆ, ಮೊದಲನೆಯ ಸಲ ಹೊಡೆದು ರೋಗವು ಮತ್ತೆ ತಲೆಯೆತ್ತುವಾಗ ಬಗ್ಗದವು ಇಪ್ಪತ್ತು. ಎರಡನೆಯ ಸಲ ನಾನೂರು. ಮೂರನೆಯ ಸಲ ಸುಮಾರು ಎಂಟು ಸಾವಿರ. ನಾಲ್ಕನೆಯ ಸಲ ಸುಮಾರು ಒಂದು ಲಕ್ಷದ ಮೂವತ್ತೆಂಟು ಸಾವಿರ. ಐದನೆಯ ಸಲ ಏಳೂವರೆ ಲಕ್ಷಕ್ಕೂ ಹೆಚ್ಚು. ಮೊದಲನೆಯ ಮೂರು ಸಲವೂ ನೂರಕ್ಕೆ ತೊಂಬತ್ತೈದರ ಹತ್ತಿರ ಬೀಜಾಣುಗಳು ಸತ್ತುದರಿಂದ ರೈತನ ಕಣ್ಣಿಗೆ ಯಾವ ವ್ಯತ್ಯಾಸವೂ ತೋರಿರಲಾರದು. ನಾಲ್ಕನೆಯ ಸಲ ಅಷ್ಟಿಷ್ಟು ಅನುಮಾನ ಬರುವುದು. ಆರನೆಯ ಸಲ ಹೊಡೆದದ್ದು ನೀರಿನಲ್ಲಿ ಹೋಮ ಮಾಡಿದಂತೆ.

ಇದು ತಿಳಿಯುವುದಕ್ಕಾಗಿ ಮಾಡಿದ ಲೆಕ್ಕವೇ ಹೊರತು ಎಲ್ಲಾ ತೋಟಗಳಲ್ಲಿಯೂ ಇಷ್ಟೇ ಸಲಕ್ಕೆ ಆಗುವುದೆಂದಲ್ಲ. ಆದರೆ ಇದರಿಂದ ಎರಡು ಮಾತುಗಳು ಸ್ಪಷ್ಟವಾಗುವುವು. ಒಂದು: ಮದ್ದು ಚೆನ್ನಾಗಿ ಕೆಲಸ ಮಾಡುತ್ತಿರುವಂತೆ ಕಾಣುವ ಕಾಲದಲ್ಲಿಯೇ ಅದನ್ನು ಮಿತವಾಗಿ ಬಳಸಬೇಕು, ಸೋತ ಮೇಲೆ ಎಚ್ಚರಗೊಳ್ಳುವುದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ. ಎರಡು: ಹತ್ತು ಲಕ್ಷ ಬೀಜಾಣುಗಳಿರುವಾಗ ಹೊಡೆಯುವುದಕ್ಕಿಂತ ಹತ್ತು ಸಾವಿರ ಇರುವಾಗ ಹೊಡೆದರೆ ಅವುಗಳಲ್ಲಿ ಬಗ್ಗದದ್ದು ಇರುವ ಸಂಭವವೇ ಕಡಮೆ. ಆದುದರಿಂದ ರೋಗಾಣುವಿನ ಸಂಖ್ಯೆಯನ್ನು ಬೇರೆ ಉಪಾಯಗಳಿಂದ ತಗ್ಗಿಸಿಟ್ಟುಕೊಂಡು, ಮದ್ದನ್ನು ಕೊನೆಯ ಆಯುಧವಾಗಿ ಇಟ್ಟುಕೊಳ್ಳತಕ್ಕದ್ದು. ಸಮಗ್ರ ಸಸ್ಯರಕ್ಷಣೆ ಎಂದು ಕರೆಯುವುದರ ತಿರುಳು ಇದೇ.

೪. ಮದ್ದಿನ ಮನೆತನವನ್ನು ಗುರುತಿಸುವ ಬಗೆ

"ನಾನು ಪ್ರತಿ ಸಲವೂ ಬೇರೆ ಮದ್ದನ್ನೇ ಹೊಡೆದಿರುವೆನು" ಎಂದು ಹೇಳುವ ರೈತರ ಮನೆಗೆ ಹೋಗಿ ಖಾಲಿ ಡಬ್ಬಗಳನ್ನು ಸಾಲಾಗಿ ಇಟ್ಟು ನೋಡಿದರೆ, ಹೊರಗಿನ ಚೀಟಿಯ ಬಣ್ಣ ಬೇರೆ, ಕಂಪನಿಯ ಹೆಸರು ಬೇರೆ, ಒಳಗಿನ ಪದಾರ್ಥ ಮಾತ್ರ ಒಂದೇ ಮನೆತನದ್ದಾಗಿರುವುದುಂಟು. ಅಂಗಿ ಬದಲಾಯಿಸಿದ ಮಾತ್ರಕ್ಕೆ ಆಳು ಬದಲಾಗುವುದಿಲ್ಲ. ಆದುದರಿಂದ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿರುವ ವ್ಯಾಪಾರದ ಹೆಸರನ್ನು ಬಿಟ್ಟು, ಸಣ್ಣ ಅಕ್ಷರದಲ್ಲಿರುವ ಪದಾರ್ಥದ ಹೆಸರನ್ನು ಓದತಕ್ಕದ್ದು. ತಮಗೆ ಓದಲು ಕಷ್ಟವಾದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ.

ಹೆಸರಿನ ಬಾಲವೇ ಬಹುಮಟ್ಟಿಗೆ ಮನೆತನವನ್ನು ತಿಳಿಸುವುದು. ಅಜಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್, ಟ್ರೈಫ್ಲಾಕ್ಸಿಸ್ಟ್ರೋಬಿನ್, ಹೀಗೆ "ಸ್ಟ್ರೋಬಿನ್" ಎಂದು ಮುಗಿಯುವುವೆಲ್ಲಾ ಒಂದು ಮನೆತನ. ಕ್ರೆಸಾಕ್ಸಿಮ್ ಮೀಥೈಲ್, ಫೆಮಾಕ್ಸಡೋನ್, ಫೆನಮಿಡೋನ್ ಇವು ಬಾಲವಿಲ್ಲದಿದ್ದರೂ ಅದೇ ಮನೆತನಕ್ಕೆ ಸೇರಿದುವು. ಒಂದಕ್ಕೆ ಬಗ್ಗದ ರೋಗವು ಎಲ್ಲಕ್ಕೂ ಬಗ್ಗದು. ಹೆಕ್ಸಾಕೊನಜೋಲ್, ಟೆಬುಕೊನಜೋಲ್, ಡೈಫೆನೊಕೊನಜೋಲ್ ಮುಂತಾಗಿ "ಕೊನಜೋಲ್" ಎಂದು ಮುಗಿಯುವುವು ಬೂದಿ ರೋಗದ ಕಡೆಗಿನ ಮತ್ತೊಂದು ಮನೆತನ. ಡೈಮೆಥೊಮಾರ್ಫ್, ಇಪ್ರೊವ್ಯಾಲಿಕಾರ್ಬ್, ಮ್ಯಾಂಡಿಪ್ರೊಪಮಿಡ್ ಇವು ಹೆಸರಿನಲ್ಲಿ ಹೋಲಿಕೆಯಿಲ್ಲದಿದ್ದರೂ ಬೂಜುತುಪ್ಪಟದ ಮೂರನೆಯ ಮನೆತನ. ಮೆಟಲಾಕ್ಸಿಲ್ ಬೇರೆ, ಕಾರ್ಬೆಂಡಜಿಮ್ ಬೇರೆ. ತಾಮ್ರ, ಗಂಧಕ, ಮ್ಯಾಂಕೊಜೆಬ್ ಇವು ಅನೇಕ ಕಡೆ ಹೊಡೆಯುವ ಹಳೆಯ ಕಾವಲುಗಾರರು.

ಡಬ್ಬದ ಮೇಲಿರುವ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳನ್ನು ನೋಡಿ ಕೆಲವರು ಬಣ್ಣ ಬದಲಾಯಿಸಿದರೆ ಮನೆತನ ಬದಲಾದಂತೆ ಎಂದು ತಿಳಿದಿರುವರು. ಅದು ತಪ್ಪು. ಆ ಬಣ್ಣವು ಮದ್ದು ಮನುಷ್ಯನಿಗೆ ಎಷ್ಟು ವಿಷವೆಂಬುದನ್ನು ಮಾತ್ರ ತಿಳಿಸುವುದು.

೫. ಮದ್ದಿಗೆ ಮುಂಚೆ ಮಾಡತಕ್ಕ ಕೆಲಸಗಳು

ರೋಗಕ್ಕೆ ನೀರೇ ದಾರಿಯೆಂದು ಹೇಳಿದೆನಷ್ಟೆ. ಆ ದಾರಿಯನ್ನು ಮುಚ್ಚುವ ಕೆಲಸಗಳು ಯಾವುವೆಂದರೆ:

(ಕ) ಚಪ್ಪರವು ದಟ್ಟವಾಗಿ ಮುಚ್ಚಿಕೊಳ್ಳದಂತೆ ಹೆಚ್ಚಿನ ಚಿಗುರುಗಳನ್ನು ಎಳೆಯದರಲ್ಲಿಯೇ ಚಿವುಟಿ, ಗೊಂಚಲಿನ ಸುತ್ತಲಿನ ಎಲೆಗಳನ್ನು ವಿರಳ ಮಾಡತಕ್ಕದ್ದು. ಚಪ್ಪರದ ಕೆಳಗೆ ನಿಂತು ತಲೆಯೆತ್ತಿದರೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ನೆಲಕ್ಕೆ ಬಿದ್ದಿರಬೇಕು. ಗಾಳಿಯಾಡಿದರೆ ಎಲೆ ಬೇಗ ಒಣಗುವುದು. ಮದ್ದು ಹೊಡೆದರೂ ಎಲ್ಲಾ ಕಡೆಗೆ ತಲಪುವುದು.

(ಖ) ಸವರಿದ ಕಡ್ಡಿ, ಉದುರಿದ ಎಲೆ, ರೋಗ ಹತ್ತಿದ ಗೊಂಚಲು ಇವನ್ನು ಚಪ್ಪರದ ಕೆಳಗೆ ಬಿಡದೆ ತೋಟದಿಂದ ಹೊರಕ್ಕೆ ಸಾಗಿಸಿ, ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚತಕ್ಕದ್ದು. ಬಿದ್ದ ಎಲೆಗಳಲ್ಲಿ ದಪ್ಪ ಗೋಡೆಯ ಬೀಜಾಣುಗಳು ಬಹುಕಾಲ ಉಳಿಯಬಲ್ಲವು.

(ಗ) ನೀರನ್ನು ಹನಿ ಕೊಳವೆಯಿಂದ ಬುಡಕ್ಕೆ ಮಾತ್ರ ಕೊಡಬೇಕು. ಯೂರಿಯಾ ಹೆಚ್ಚಾಗಿ ಕೊಟ್ಟರೆ ಎಲೆಯು ಕೊಬ್ಬಿ ಮೆತ್ತಗಾಗಿ ರೋಗಕ್ಕೆ ಸುಲಭವಾದ ತುತ್ತಾಗುವುದು.

(ಘ) ಹೊಸ ತೋಟ ಹಾಕುವವರು ತಳಿಯನ್ನು ನೋಡಿ ಹಾಕಬೇಕು. ಬೆಂಗಳೂರು ನೀಲಿಯು ಚಿಬ್ಬು ರೋಗವನ್ನು ಚೆನ್ನಾಗಿ ತಡೆದುಕೊಳ್ಳುವುದು. ಆದರೆ ಬೂಜುತುಪ್ಪಟದ ವಿಷಯದಲ್ಲಿ ಅದನ್ನೂ ನಂಬಿ ಕೂರುವಂತಿಲ್ಲ. ದಿಲ್‌ಖುಷ್, ಥಾಮ್ಸನ್ ಮುಂತಾದ ತಳಿಗಳಿಗೆ ಇನ್ನೂ ಹೆಚ್ಚಿನ ಕಾವಲು ಬೇಕು.

(ಙ) ವಾರಕ್ಕೆ ಎರಡು ಸಲವಾದರೂ ತೋಟದೊಳಗೆ ನಡೆದು ಎಲೆಗಳನ್ನು ತಿರುವಿ ನೋಡಬೇಕು. ಹವಾಮಾನ ಇಲಾಖೆಯವರ ಮಳೆಯ ಮುನ್ಸೂಚನೆಯನ್ನು ತಿಳಿದುಕೊಂಡು, ಮಳೆಗೆ ಮುಂಚೆ ಕಾವಲು ಮದ್ದನ್ನು ಹೊಡೆದಿರಬೇಕು. ಬಿಸಿಲು ಕಾಯುತ್ತಿರುವ ಒಣ ದಿನಗಳಲ್ಲಿ "ಎಂಟು ದಿನವಾಯಿತು, ಹೊಡೆಯಲೇಬೇಕು" ಎಂದು ಪಂಚಾಂಗ ನೋಡಿ ಹೊಡೆಯುವುದು ವ್ಯರ್ಥ ವೆಚ್ಚ.

೬. ಮದ್ದು ಹೊಡೆಯುವ ಕ್ರಮ

ಸವರಿದ ಮೇಲೆ ಬೋರ್ಡೋ ದ್ರಾವಣವನ್ನು ಹೊಡೆಯುವುದು ಎಲ್ಲಕ್ಕಿಂತ ಅಗ್ಗವಾದ ಕಾವಲು. ಒಂದು ಕಿಲೋ ಮೈಲುತುತ್ತನ್ನು ೫೦ ಲೀಟರು ನೀರಿನಲ್ಲಿಯೂ, ಒಂದು ಕಿಲೋ ಒಳ್ಳೆಯ ಸುಣ್ಣವನ್ನು ಅರಳಿಸಿ ಮತ್ತೊಂದು ೫೦ ಲೀಟರು ನೀರಿನಲ್ಲಿಯೂ ಬೇರೆ ಬೇರೆಯಾಗಿ ಕಲಸಿ, ಎರಡನ್ನೂ ಒಮ್ಮೆಗೇ ಮೂರನೆಯ ಪಾತ್ರೆಗೆ ಸುರಿಯುತ್ತಾ ಕೋಲಿನಿಂದ ತಿರುವಬೇಕು. ಕಬ್ಬಿಣದ ಪಾತ್ರೆ ಕೂಡದು. ಮರದ್ದೋ ಪ್ಲಾಸ್ಟಿಕ್ಕಿನದ್ದೋ ಆಗಬಹುದು. ಉಜ್ಜಿ ಹೊಳಪು ಮಾಡಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರನ್ನು ಸೇರಿಸತಕ್ಕದ್ದು. ಇಲ್ಲದಿದ್ದರೆ ಎಲೆ ಸುಡುವುದು. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಹೂ ಅರಳಿದ ದಿನಗಳಲ್ಲಿ ಇದನ್ನು ಹೊಡೆಯಬಾರದು.

ತಾಮ್ರವು ಹಳೆಯದೆಂದು ಅದನ್ನೂ ಮಿತಿಯಿಲ್ಲದೆ ಸುರಿಯಲಾಗದು. ಅದು ಮಣ್ಣಿನಲ್ಲಿ ಕರಗಿ ಹೋಗದೆ ಸೇರುತ್ತಾ ಹೋಗುವುದು, ಎರೆಹುಳುವಿಗೆ ಕೇಡು. ಯೂರೋಪಿನ ಒಕ್ಕೂಟವು ೨೦೧೯ರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು ೨೮ ಕಿಲೋ ತಾಮ್ರಕ್ಕೆ ಮಿತಿಯನ್ನು ಕಟ್ಟಿರುವುದು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಇಲ್ಲಿಯೂ ಸಲ್ಲುವುದು.

ಒಂದೇ ಮರ್ಮವನ್ನು ಹೊಡೆಯುವ ಹೊಸ ಮದ್ದುಗಳ ವಿಷಯದಲ್ಲಿ ಈ ನಿಯಮಗಳನ್ನು ಪಾಲಿಸತಕ್ಕದ್ದು. ಒಂದು ಫಸಲಿನಲ್ಲಿ ಒಂದೊಂದು ಮನೆತನಕ್ಕೆ ಎರಡು ಸಲವೇ ಮಿತಿ. ಅದೇ ಮನೆತನವನ್ನು ಬೆನ್ನಿಗೆ ಬೆನ್ನು ಹೊಡೆಯಬಾರದು. ಒಂಟಿಯಾಗಿ ಹೊಡೆಯದೆ, ಅದೇ ರೋಗದ ಮೇಲೆ ಸ್ವಂತ ಬಲವುಳ್ಳ ಕಾವಲು ಮದ್ದಿನ ಜೊತೆಯಲ್ಲಿಯೇ ಹೊಡೆಯಬೇಕು. ತೋಟವೆಲ್ಲಾ ಬಿಳಿಯ ತುಪ್ಪಟವಾದ ಮೇಲೆ ಇವನ್ನು ಹೊಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಆಗ ಬೀಜಾಣುಗಳ ಸಂಖ್ಯೆ ಅಪಾರವಾಗಿರುವುದರಿಂದ ಬಗ್ಗದ ತಳಿಯನ್ನು ನಾವೇ ಹುಡುಕಿ ಕರೆದಂತಾಗುವುದು. ಆ ಬೆಳೆಗೆ ಚೀಟಿಯಲ್ಲಿ ನಮೂದಿಸಿರುವ ಮದ್ದನ್ನು ಮಾತ್ರ, ನಮೂದಿಸಿದ ಪ್ರಮಾಣದಲ್ಲಿ, ಕೊಯ್ಲಿಗೆ ಮುಂಚಿನ ಗಡುವನ್ನು ಮೀರದೆ ಬಳಸಬೇಕು.

ಬೂದಿ ರೋಗಕ್ಕೆ ನೀರಿನಲ್ಲಿ ಕಲಸುವ ಗಂಧಕವೇ ಬಹು ಕಾಲದ ಸ್ನೇಹಿತ. ಬಿಸಿಲು ೩೫ ಡಿಗ್ರಿಯನ್ನು ಮುಟ್ಟುವ ದಿನಗಳಲ್ಲಿ ಮಾತ್ರ ಅದು ಎಲೆಯನ್ನು ಸುಡುವುದರಿಂದ ಆಗ ಬೇಡ.

೭. ಹುಳುಗಳ ವಿಷಯದಲ್ಲಿಯೂ ಇದೇ ನೀತಿ

ರೋಗಕ್ಕೆಂದು ಮದ್ದು ಕಲಸುವಾಗ "ಹೇಗಿದ್ದರೂ ಪಂಪು ಹೊತ್ತದ್ದಾಯಿತು" ಎಂದು ಅದರ ಜೊತೆಯಲ್ಲಿ ಒಂದು ಕೀಟನಾಶಕವನ್ನೂ ಸೇರಿಸುವ ಅಭ್ಯಾಸವು ಅನೇಕರಲ್ಲಿದೆ. ಇದರಿಂದ ಆಗುವ ನಷ್ಟವು ಮುಂದೆ ಗೊಂಚಲಿನಲ್ಲಿ ಹಿಟ್ಟು ತಿಗಣೆಯಾಗಿ ಕಾಣುವುದು. ಹಿಟ್ಟು ತಿಗಣೆಯನ್ನು ತಿಂದು ಬದುಕುವ ಗುಲಗಂಜಿ ಹುಳುಗಳಿವೆ. ಅವುಗಳಲ್ಲಿ ಕ್ರಿಪ್ಟೋಲೀಮಸ್ ಎಂಬುದನ್ನು ೧೮೯೮ರಲ್ಲಿಯೇ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತರಿಸಲಾಯಿತು. ಇದರ ಮರಿಯು ಮೈಮೇಲೆ ಬಿಳಿಯ ಮೇಣವನ್ನು ಹೊತ್ತು ಹಿಟ್ಟು ತಿಗಣೆಯಂತೆಯೇ ಕಾಣುವುದರಿಂದ, ತಿಳಿಯದ ರೈತನು ಸ್ನೇಹಿತನನ್ನೇ ಶತ್ರುವೆಂದು ಕೊಲ್ಲುವನು. ಕಡ್ಡಿಯಿಂದ ಮುಟ್ಟಿ ನೋಡಿರಿ. ಚುರುಕಾಗಿ ಓಡಿದರೆ ಅದು ಸ್ನೇಹಿತ. ಬಳ್ಳಿಯ ಸಡಿಲವಾದ ತೊಗಟೆಯನ್ನು ಉಜ್ಜಿ ತೆಗೆದು, ಅಂಟುದ್ರವಕ್ಕಾಗಿ ತಿಗಣೆಯನ್ನು ಕಾಪಾಡುವ ಇರುವೆಗಳನ್ನು ತಡೆದು, ಕೀಟನಾಶಕವನ್ನು ಬಿಗಿಹಿಡಿದರೆ ಈ ಹುಳುಗಳು ಸಂಬಳವಿಲ್ಲದೆ ದುಡಿಯುವುವು.

೮. ಕೆಲವು ಆಕ್ಷೇಪಣೆಗಳಿಗೆ ಸಮಾಧಾನ

"ಪ್ರಮಾಣವನ್ನು ಎರಡರಷ್ಟು ಮಾಡಿದರೆ ನಾಟದೇ?" ಎಂದು ಕೆಲವರು ಕೇಳುವರು. ಬೀಗವೇ ಬದಲಾದ ಮೇಲೆ ಅದೇ ಕೀಲಿಕೈಯನ್ನು ಬಲವಾಗಿ ತಿರುವಿದರೆ ಬಾಗಿಲು ತೆರೆಯದು, ಕೈ ನೋಯುವುದು. ಹಣ ಹೋಗುವುದು, ಹಣ್ಣಿನಲ್ಲಿ ವಿಷದ ಶೇಷ ಉಳಿಯುವುದು, ರೋಗ ಮಾತ್ರ ಹಾಗೆಯೇ ಇರುವುದು. ಉಳಿತಾಯಕ್ಕಾಗಿ ಪ್ರಮಾಣವನ್ನು ಇಳಿಸುವುದೂ ತಪ್ಪು. ಅರೆಬರೆ ಬಲವುಳ್ಳ ರೋಗಾಣುಗಳು ಅದರಿಂದ ಉಳಿದು ಹೆಚ್ಚುವುವು.

"ಮದ್ದು ನಾಟಲಿಲ್ಲವೆಂದರೆ ಅದು ಈ ಕಾರಣದಿಂದಲೇ ಎಂದು ಹೇಗೆ ತಿಳಿಯುವುದು?" ಇದು ಯೋಗ್ಯವಾದ ಪ್ರಶ್ನೆ. ನಾಜಲ್ ಸವೆದು ಮದ್ದು ಎಲೆಯ ತಳಕ್ಕೆ ತಲಪದೆ ಇರಬಹುದು, ಹೊಡೆದ ಕೂಡಲೇ ಮಳೆ ತೊಳೆದಿರಬಹುದು, ಮದ್ದು ಕಲಬೆರಕೆಯದಾಗಿರಬಹುದು, ತಡವಾಗಿರಬಹುದು. ಇವೆಲ್ಲಾ ಸರಿಯಾಗಿದ್ದೂ, ಪಕ್ಕದ ಎರಡು ಸಾಲುಗಳಿಗೆ ಬೇರೆ ಮನೆತನದ ಮದ್ದನ್ನು ಹೊಡೆದು ನೋಡಿದಾಗ ಅಲ್ಲಿ ರೋಗ ನಿಂತು, ಮೊದಲಿನದರಲ್ಲಿ ನಿಲ್ಲದಿದ್ದರೆ, ಆಗ ಅನುಮಾನಿಸತಕ್ಕದ್ದು. ಅಂತಹ ಎಲೆಗಳನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರಿಗಾಗಲಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗಾಗಲಿ ತೋರಿಸಿ ಸಲಹೆ ಪಡೆಯಬೇಕು.

೯. ಊರಿನ ಯಜಮಾನರ ಕರ್ತವ್ಯ

ಇಷ್ಟು ಹೇಳಿದ ಮೇಲೂ ಒಂದು ತೊಡಕು ಉಳಿದಿದೆ, ಅದೇ ಮುಖ್ಯವಾದುದು. ಒಬ್ಬ ರೈತನು ಈ ನಿಯಮಗಳನ್ನೆಲ್ಲಾ ಪಾಲಿಸಿ, ಅವನ ಪಕ್ಕದವನು ಒಂದೇ ಮದ್ದನ್ನು ಎಂಟು ಸಲ ಹೊಡೆದನೆಂದಿಟ್ಟುಕೊಳ್ಳಿರಿ. ಬಗ್ಗದ ತಳಿಯು ಪಕ್ಕದವನ ತೋಟದಲ್ಲಿ ಹುಟ್ಟುವುದು; ಗಾಳಿಯು ಬೇಲಿಯನ್ನು ನೋಡಿ ನಿಲ್ಲುವುದಿಲ್ಲ. ನಿಯಮ ಪಾಲಿಸಿದವನೂ ಅದೇ ಫಲವನ್ನು ಉಣ್ಣುವನು. ಮದ್ದಿನ ಡಬ್ಬವು ಕೊಂಡವನ ಸೊತ್ತು. ಆದರೆ ಮದ್ದಿನ ಬಲವು ಊರಿನ ಸೊತ್ತು.

ನಮ್ಮ ಹಿರಿಯರಿಗೆ ಇಂತಹ ಸೊತ್ತನ್ನು ಕಾಪಾಡುವ ಬಗೆ ತಿಳಿದಿದ್ದಿತು. ಕೆರೆಯ ನೀರು ಯಾರೊಬ್ಬರದೂ ಆಗಿರಲಿಲ್ಲ. ಮೇಲಿನ ಗದ್ದೆಯವನು ತನಗೆ ಬೇಕಾದಷ್ಟನ್ನು ಹರಿಸಿಕೊಂಡರೆ ಕೆಳಗಿನವನ ಪೈರು ಒಣಗುವುದೆಂದು ಅವರು ನೀರುಗಂಟಿಯನ್ನು ನೇಮಿಸಿ, ಇಂತಹ ಗದ್ದೆಗೆ ಇಷ್ಟು ಹೊತ್ತು ಎಂದು ಸರದಿಯನ್ನು ಕಟ್ಟಿದ್ದರು. ಮದ್ದಿನ ಬಲವೂ ಕೆರೆಯ ನೀರಿನಂತೆಯೇ. ಒಬ್ಬನ ಆತುರದಿಂದ ಎಲ್ಲರಿಗೂ ಬತ್ತುವುದು. ಭೇದವೇನೆಂದರೆ, ಬತ್ತಿದ ಕೆರೆಯು ಒಂದು ಒಳ್ಳೆಯ ಮಳೆಗೆ ತುಂಬುವುದು. ಬತ್ತಿದ ಮದ್ದಿನ ಬಲವು ವರ್ಷಗಟ್ಟಲೆ ಮರಳದೆ ಇರಬಹುದು, ಕೆಲವು ವೇಳೆ ಮರಳುವುದೇ ಇಲ್ಲ. ಹೊಸ ಮದ್ದನ್ನು ಕಂಡುಹಿಡಿಯುವುದು ನಮ್ಮ ಕೈಯಲ್ಲಿಲ್ಲ; ಇರುವುದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಆದುದರಿಂದ ಊರಿನ ಯಜಮಾನರೂ, ಪಂಚಾಯಿತಿಯ ಸದಸ್ಯರೂ, ದೊಡ್ಡ ಹಿಡುವಳಿದಾರರೂ ಸೇರಿ ಈ ಏರ್ಪಾಡುಗಳನ್ನು ಮಾಡಬೇಕೆಂದು ನನ್ನ ಬಿನ್ನಹ.

ಮೊದಲನೆಯದಾಗಿ, ಸವರುವ ಕಾಲಕ್ಕೆ ಮುಂಚೆ ಬೆಳೆಗಾರರ ಒಂದು ಸಭೆಯನ್ನು ಕೂಡಿಸಿ, 'ಇಂತಹ ಹದಿನೈದು ದಿನಗಳಲ್ಲಿ ಇಂತಹ ಮನೆತನ, ಅನಂತರ ಇಂತಹದು' ಎಂದು ಊರಿಗೆಲ್ಲಾ ಒಂದೇ ಸರದಿಯನ್ನು ಗೊತ್ತುಮಾಡಿ, ಎಲ್ಲರಿಗೂ ಕಾಣುವ ಕಡೆ ಹಲಗೆಯ ಮೇಲೆ ಬರೆಯಿಸಬೇಕು. ಮದ್ದಿನಂಗಡಿಯವರನ್ನೂ ಆ ಸಭೆಗೆ ಕರೆದರೆ ಒಳ್ಳೆಯದು.

ಎರಡನೆಯದಾಗಿ, ಪಾಳುಬಿದ್ದ ಚಪ್ಪರಗಳ ವಿಷಯ. ಒಡೆಯನು ಪಟ್ಟಣ ಸೇರಿ, ಬಳ್ಳಿಯು ತಾನಾಗಿ ಹಬ್ಬಿ ರೋಗದ ತವರಾಗಿರುವುದುಂಟು. ಒಡೆಯನಿಗೆ ತಿಳಿಸಿ ಅದನ್ನು ಸವರಿಸಬೇಕು, ಇಲ್ಲವೇ ಕೀಳಿಸಬೇಕು.

ಮೂರನೆಯದಾಗಿ, ಸವರುವ ತಿಂಗಳಿನ ಮಾತು. ನಮ್ಮ ಸೀಮೆಯಲ್ಲಿ ಬೆಂಗಳೂರು ನೀಲಿಯನ್ನು ವರ್ಷದ ಎಲ್ಲಾ ಕಾಲಗಳಲ್ಲಿಯೂ ಸವರುವುದರಿಂದ ಯಾವಾಗಲೂ ಒಂದಲ್ಲ ಒಂದು ತೋಟದಲ್ಲಿ ಎಳೆಯ ಎಲೆ ಇದ್ದೇ ಇರುವುದು, ರೋಗಕ್ಕೆ ಉಪವಾಸವೆಂಬುದಿಲ್ಲ. ಎಲ್ಲರೂ ಒಂದೇ ವಾರದಲ್ಲಿ ಸವರಿದರೆ ಹಣ್ಣು ಒಟ್ಟಿಗೆ ಬಂದು ಬೆಲೆ ಬೀಳುವುದೆಂಬ ಭಯವು ನ್ಯಾಯವಾದುದು. ಆದುದರಿಂದ ಊರನ್ನು ಎರಡು ಮೂರು ಪಟ್ಟಿಗಳಾಗಿ ವಿಂಗಡಿಸಿ, ಒಂದು ಪಟ್ಟಿಯೊಳಗಿನವರಾದರೂ ಒಟ್ಟಿಗೆ ಸವರುವಂತೆ ಒಪ್ಪಿಸಬಹುದು. ಬೆಲೆಯೂ ಉಳಿಯುವುದು, ರೋಗದ ಸರಪಳಿಯೂ ಕಡಿಯುವುದು.

ನಾಲ್ಕನೆಯದಾಗಿ, ಪ್ರತಿ ಬೆಳೆಗಾರನೂ ಒಂದು ಪುಸ್ತಕವನ್ನಿಟ್ಟು, ಯಾವ ದಿನ, ಯಾವ ಪದಾರ್ಥ, ಎಷ್ಟು ಪ್ರಮಾಣ, ಮಳೆ ಬಂತೇ ಇಲ್ಲವೇ, ಗುಣ ಕಂಡಿತೇ ಇಲ್ಲವೇ ಎಂಬುದನ್ನು ಬರೆಯತಕ್ಕದ್ದು. ಒಂದು ತೋಟದಲ್ಲಿ ಮದ್ದು ಸೋತ ಸುದ್ದಿಯನ್ನು ನಾಚಿಕೆಯೆಂದು ಮುಚ್ಚಿಡದೆ ಮರುದಿನವೇ ಊರಿಗೆ ತಿಳಿಸಬೇಕು. ಮನೆಗೆ ಬೆಂಕಿ ಬಿದ್ದರೆ ಕೂಗುವುದಕ್ಕೆ ಯಾರೂ ನಾಚುವುದಿಲ್ಲ.

ಈ ನಾಲ್ಕು ಕೆಲಸಗಳಿಗೂ ಹಣದ ಖರ್ಚು ಬಹಳವಿಲ್ಲ, ಒಮ್ಮತವೊಂದು ಬೇಕು. ಅದನ್ನು ಉಂಟುಮಾಡುವ ಶಕ್ತಿಯು ಇಲಾಖೆಯವರಿಗಿಂತ ತಮ್ಮಲ್ಲಿಯೇ ಹೆಚ್ಚಾಗಿರುವುದು. ತಾವು ಮೊದಲು ತಮ್ಮ ತೋಟಗಳಲ್ಲಿ ನಡೆಸಿ ತೋರಿಸಿದರೆ ಒಂದು ಎಕರೆಯ ರೈತನೂ ತಮ್ಮನ್ನು ನೋಡಿ ಹಿಂಬಾಲಿಸುವನು. ಮುಂದಿನ ಸವರುವಿಕೆಗೆ ಮುಂಚೆ ಸಭೆಯನ್ನು ಕೂಡಿಸಿ ದಿನವನ್ನು ತಿಳಿಸಿದರೆ, ಸರದಿಯನ್ನು ಬರೆಯುವುದಕ್ಕೆ ನಾನೇ ಬಂದು ತಮ್ಮ ಜೊತೆಯಲ್ಲಿ ಕೂರುವೆನು.